ವಾಸನೆಯಿಲ್ಲದ ತೇಗು

ಅಣ್ಣಿಗೇರಿಯ ರೇವವ್ವ ಒಂದು ಕಡೆ ಸಮಾಧಾನವಾಗಿ ಕೂತದ್ದನ್ನು ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ರೊಟ್ಟಿ ಬಡಿಯುತ್ತ ಕೂತರೆ ನಡುವೆಯೇ ಎದ್ದು ಹೋಗಿ ಆಕಳಿಗೆ ಮೇವು ಹಾಕಿ ಬರುವಳು. ಮೇವು ಹಾಕುವಾಗ ಒಲೆಯ ಮೇಲಿನ ಬೇಳೆ ನೆನಪಾಗಿ ಒಳಗೆ ಓಡುವಳು. ಗಂಡ ಈರಬಸಪ್ಪ ಇದಕ್ಕೆ ಪೂರಾ ಉಲ್ಟಾ ಮನುಷ್ಯ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತನೆಂದರೆ ಬಿಸಿಲು ಅಂಗಳ ದಾಟಿ ಹೋದರೂ ಏಳುವವನಲ್ಲ. "ಈ ಮನ್ಯಾಗ ಇಬ್ಬರ ಓಡಾಟಾನೂ ಇಕಿ ಒಬ್ಬಾಕಿನ ಮಾಡ್ತಾಳ್ರಿ, ನನಗ ಎದ್ದು ಮಾಡೂದು ಏನ್ ಉಳದೈತಿ?" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದ. ಇಂಥ ಚಡಪಡಿಕೆಯ ಹೆಂಗಸಿನ ಪಾಲಿಗೆ ಬಂದ ಕೆಲಸ ಎಂಥದ್ದು ಅಂತೀರಿ? ಊರವರ ಹೊಟ್ಟೆಗೆ ಸಮಾಧಾನ ಹೇಳುವುದು.

ಆಕೆ ಹುಟ್ಟಿದ್ದು ಕಲಘಟಗಿ ಕಡೆಯ ದುಮ್ಮವಾಡದಲ್ಲಿ. ಅಲ್ಲಿಯ ಗಿಡಮರ ಬಿಟ್ಟು ಈ ಎರೆಭೂಮಿಗೆ ಸೊಸೆಯಾಗಿ ಬಂದಾಗ, ಕಣ್ಣು ಹಾಯಿಸಿದಷ್ಟು ದೂರಕ್ಕೂ ಬಯಲೇ ಕಂಡು ಹುಡುಗಿ ಕಂಗಾಲಾಗಿದ್ದಳು. ಅತ್ತೆಗೆ ಮಾತಿನಲ್ಲಿ ಖಾರ, ಕೈಯಲ್ಲಿ ಔಷಧ. ಸೊಸೆಯ ಕಾಲು ನಿಲ್ಲದ್ದನ್ನು ನೋಡಿ, ಸುಮ್ಮನೆ ಸುತ್ತಾಡುವ ಬದಲು ಏನಾದರೂ ಕುಟ್ಟಲಿ ಎಂದು ಒನಕೆ ಕೊಟ್ಟಳು. ರೇವವ್ವ ಕುಟ್ಟತೊಡಗಿದವಳು ಅತ್ತೆ ಸತ್ತ ಮೇಲೂ ನಿಲ್ಲಿಸಲಿಲ್ಲ.

ಅಜವಾನ, ಜೀರಿಗೆ, ಒಣಶುಂಠಿ, ಕರಿಮೆಣಸು, ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಇಂಗನ್ನು ತುಪ್ಪದಲ್ಲಿ ಅರಳಿಸಬೇಕು. ಸೈಂಧವ ಉಪ್ಪು ಸೇರಿಸಿ ಕುಟ್ಟಿ, ತೆಳ್ಳನೆಯ ಅರಿವೆಯಲ್ಲಿ ಸೋಸಿ ಡಬ್ಬಿ ತುಂಬಬೇಕು. ಇದು ಹೊಟ್ಟೆಯ ಪುಡಿ. ಇನ್ನೊಂದು ಸಣ್ಣ ಡಬ್ಬಿಯಲ್ಲಿ ಎದೆಯ ಪುಡಿ: ಯಾಲಕ್ಕಿ, ಲವಂಗ, ದಾಲ್ಚಿನ್ನಿ, ಜೊತೆಗೆ ದುಮ್ಮವಾಡದಿಂದ ತಮ್ಮ ತಂದುಕೊಡುವ ಬಿಳಿಮತ್ತಿಯ ತೊಗಟೆ. ಆಕೆ ಹುರಿಯಲು ಕೂತ ದಿನ ಓಣಿಯ ತುದಿಯವರೆಗೂ ಘಮ ಹೋಗುತ್ತಿತ್ತು. ಹಸಿವಿಲ್ಲದವರಿಗೂ ಹಸಿವಾಗಿ, ಅವತ್ತು ಓಣಿಯ ಗಂಡಸರೆಲ್ಲ ಊಟಕ್ಕೆ ಬೇಗ ಬರುತ್ತಿದ್ದರಂತೆ.

ಯಾರಿಗೆ ಯಾವ ಡಬ್ಬಿ ಎನ್ನುವುದಕ್ಕೆ ಅತ್ತೆ ಒಂದು ಕಟ್ಟಳೆ ಮಾಡಿಟ್ಟಿದ್ದಳು. ಎದೆ ಹಿಡಿದುಕೊಂಡಿದೆ ಎಂದು ಯಾರೇ ಬರಲಿ, ಮೊದಲು ಹೊಟ್ಟೆಯ ಪುಡಿ ಬಿಸಿನೀರಲ್ಲಿ ಕೊಟ್ಟು ಕಟ್ಟೆಯ ಮೇಲೆ ಕೂಡಿಸಬೇಕು. ತೇಗು ಬಂದರೆ ಅದು ಬರಿಯ ವಾಯು. ಮನೆಗೆ ಹೋಗಿ ಮಲಗಲಿ. ತೇಗು ಬರಲಿಲ್ಲವೆಂದರೆ ಅದು ಹೊಟ್ಟೆಯದಲ್ಲ. ಅಂಥವರನ್ನು ಒಂದು ಹೆಜ್ಜೆಯೂ ನಡೆಯಗೊಡದೆ ಗಾಡಿಯಲ್ಲಿ ಮಲಗಿಸಿ, ಎದೆಯ ಪುಡಿ ಒಂದು ಚಿಟಿಕೆ ನಾಲಗೆಗೆ ಹಚ್ಚಿ, ಹುಬ್ಬಳ್ಳಿಯ ದವಾಖಾನೆಗೆ ಸಾಗಿಸಬೇಕು. "ಎದಿ ಪುಡಿ ರೋಗಕ್ಕಲ್ಲ, ದವಾಖಾನಿ ಮುಟ್ಟೂತನಕ ಧೈರ್ಯಕ್ಕ," ಎಂದು ಅತ್ತೆ ಹೇಳುತ್ತಿದ್ದಳು. ಹಾಗೆ ಹುಬ್ಬಳ್ಳಿಗೆ ಹೋಗಿ ಬದುಕಿ ಬಂದವರು ಊರಲ್ಲಿ ಇದ್ದರು. ಅದರಿಂದಲೇ ರೇವವ್ವನ ಕಟ್ಟೆಗೆ ಹೆಸರು ಬಂದದ್ದು. ಅಲ್ಲಿ ತೇಗು ಬಂತೆಂದರೆ ಸಾಕು, ಡಾಕ್ಟರು ಕೈ ಹಿಡಿದು ನೋಡಿದಷ್ಟೇ ನಂಬಿಕೆ. ತೇಗಿದವನು ತಲೆಯ ಪಟಗ ಸರಿಮಾಡಿಕೊಂಡು, ರೇವವ್ವನಿಗೆ ಕೈಮುಗಿದು, ನಗುತ್ತ ಮನೆಗೆ ಹೋಗುತ್ತಿದ್ದ. ಅವಳಿಗೂ ಒಳಗೊಳಗೆ ಹೆಮ್ಮೆಯೇ. ಯಾಕಿರಬಾರದು?

ಎಂಬತ್ತರ ದಶಕದ ನಡುವಿನ ಒಂದು ಶ್ರಾವಣ. ಮಗಳು ಸುಶೀಲವ್ವ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಮೊಮ್ಮಗನ ಮುಖ ನೋಡಲು ಅವಳ ಮಾವ ಶಂಭುಲಿಂಗಪ್ಪನವರು ಕುಂದಗೋಳದಿಂದ ಬೆಳಗಿನ ಗಾಡಿಗೆ ಬಂದರು. ಮೆಣಸಿನಕಾಯಿ, ಹತ್ತಿ ಬೆಳೆಯುವ ದೊಡ್ಡ ಹಿಡುವಳಿಯ ಗೌರವಸ್ಥರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಅಂಗಿ, ಮಾತಾಡಿದರೆ ಅಳೆದು ತೂಗಿ ಆಡಿದ ಹಾಗೆ. ಬೀಗರು ಮನೆಗೆ ಬಂದರೆಂದರೆ ನಮ್ಮ ಕಡೆ ಗೊತ್ತಲ್ಲ, ಎರಡೂ ಕಡೆಯವರಿಗೆ ಉಸಿರಾಡಲೂ ಒಂದು ರೀತಿ ರಿವಾಜು. ಬಂದವರು ಬೇಡ ಬೇಡ ಅನ್ನಬೇಕು, ಮನೆಯವರು ಬಡಿಸುತ್ತಲೇ ಇರಬೇಕು. ಊಟ ಸಾಲದೆ ಹೋದರೂ ಬಹಳ ಆಯಿತು ಅನ್ನಬೇಕು. ಕೈ ತೊಳೆದ ಮೇಲೆ ದೊಡ್ಡದಾಗಿ ಒಂದು ತೇಗು ಹೊಡೆದರೆ ಅದು ಅಡುಗೆ ಮಾಡಿದವಳಿಗೆ ಕೊಟ್ಟ ಮರ್ಯಾದೆ.

ರೇವವ್ವ ಹೋಳಿಗೆ ಮಾಡಿದ್ದಳು. ತುಪ್ಪ ಸುರಿದು ಸುರಿದು ಬಡಿಸಿದಳು. ಬೀಗರು ತಲೆ ತಗ್ಗಿಸಿ ಉಂಡರು. ಉಂಡು ಎದ್ದು ಪಡಸಾಲೆಗೆ ಬಂದವರು ಎಲೆ ಅಡಿಕೆಯ ತಟ್ಟೆ ಮುಟ್ಟದೆ ಎದೆಯ ನಡುವೆ ಅಂಗೈ ಇಟ್ಟುಕೊಂಡರು. ಅದು ಮೊದಲು ಕಂಡದ್ದು ರೇವವ್ವನಿಗೇ.

"ಯಾಕ್ರಿ ಬೀಗರ, ಏನಾತು?"

"ಏನಿಲ್ರಿ ರೇವವ್ವಾರ. ಸ್ವಲ್ಪ ಎದಿ ಬಿಗದಂಗ ಆಗೇತಿ. ನಿಮ್ಮ ಹೋಳಿಗಿ ರುಚಿಗೆ ಒಂದ್ ಹೆಚ್ಚ ತಿಂದೆ ನೋಡ್ರಿ."

ಈರಬಸಪ್ಪ ಕೂತಲ್ಲಿಂದಲೇ ನಕ್ಕ. "ಎಂಥಾ ಮನ್ಯಾಗ ಎದಿ ಹಿಡಕೊಂಡ್ರಿ ಬೀಗರ! ಪುಡಿ ಇಲ್ಲೇ ಐತಿ, ಕೊಡೂವಾಕಿ ಇಲ್ಲೇ ಅದಾಳ."

ರೇವವ್ವ ಹೊಟ್ಟೆಯ ಪುಡಿ ಬಿಸಿನೀರಲ್ಲಿ ಕಲಸಿ ತಂದುಕೊಟ್ಟಳು. ಶಂಭುಲಿಂಗಪ್ಪನವರು ಒಂದೇ ಗುಟುಕಿಗೆ ಕುಡಿದರು. ಆಕೆ ಲೋಟ ಇಸಿದುಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಅವರು ಪಡಸಾಲೆ ತುಂಬುವಂಥ ಒಂದು ತೇಗು ತೇಗಿದರು. ಒಳಗೆ ಮಲಗಿದ್ದ ಕೂಸು ಬೆಚ್ಚಿ ಎದ್ದು ಅತ್ತಿತು. ಎಲ್ಲರೂ ನಕ್ಕರು. "ಅಗದಿ ಹಗುರ ಆತ್ರಿ," ಎಂದು ಬೀಗರು ಕೈಮುಗಿದರು. ಬಾಷಾಸಾಬನ ಟಾಂಗಾ ಬಾಗಿಲಿಗೆ ಬಂದಿತ್ತು. ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ಹಿಡಿದು, ಅಲ್ಲಿಂದ ಕುಂದಗೋಳದ ಗಾಡಿ ಹತ್ತಬೇಕೆಂದು ಹೇಳಿ ಹೊರಟೇಬಿಟ್ಟರು.

ಬೀಗರು ಹೋದ ಮನೆ ಎಂದರೆ ಗಾಳಿ ಬಿಟ್ಟ ಚೆಂಡಿನಂತೆ. ಈರಬಸಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ರೇವವ್ವ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಬೀಗರು ಕುಡಿದ ಲೋಟ ಕೈಗೆ ಬಂತು. ತಳದಲ್ಲಿ ನಿಂತಿದ್ದ ಪುಡಿಯಿಂದ ಅಜವಾನ, ಇಂಗು ಮೂಗಿಗೆ ಗಪ್ಪನೆ ಹೊಡೆಯಿತು. ಎಂದಿನ ವಾಸನೆಯೇ. ಆದರೂ ಅವಳ ಕೈ ಅಲ್ಲೇ ನಿಂತಿತು.

ಆಕೆಯ ಪುಡಿ ತಿಂದು ತೇಗಿದವನ ತೇಗಿಗೆ ಈ ವಾಸನೆ ಇರಲೇಬೇಕು. ಎದುರಿಗೆ ಕೂತವರು ಮೂಗು ಮುಚ್ಚಿಕೊಳ್ಳುವಷ್ಟು ಇರಬೇಕು. ಬೀಗರು ತೇಗಿದಾಗ ಅವಳ ಮುಖ ಅವರ ಮುಖದಿಂದ ಒಂದು ಗೇಣು ದೂರ ಇತ್ತು. ಏನೂ ಬಂದಿರಲಿಲ್ಲ. ಬರಿಯ ಸದ್ದು.

ಲೋಟವನ್ನು ತೊಳೆದಳು, ಮತ್ತೆ ತೊಳೆದಳು. ಹಿತ್ತಲಿನಿಂದ ಅಡುಗೆಮನೆಗೆ ಬಂದಳು, ಅಲ್ಲಿಂದ ಪಡಸಾಲೆಗೆ, ಮತ್ತೆ ಹಿತ್ತಲಿಗೆ. ಈರಬಸಪ್ಪ ಒಂದು ಕಣ್ಣು ತೆರೆದ.

"ಏನ ಹುಡಕ್ತಿ?"

"ಬೀಗರ ತೇಗು ನನಗ ಯಾಕೋ ಸರಿ ಅನಸಲಿಲ್ರಿ. ವಾಸನಿ ಬರಲಿಲ್ಲ."

"ತೇಗಿಗೂ ಈಗ ಸರಿ ತಪ್ಪು ನೋಡಾಕ ಹತ್ತಿದಿ? ತೇಗು ಬಂತಿಲ್ಲ? ನಿನ್ನ ಕಟ್ಟಳಿ ಪ್ರಕಾರ ಮುಗೀತು. ಸುಮ್ನ ಕುಂಡ್ರು."

ಕೂಡುವುದು ಎಲ್ಲಿಂದ ಬರಬೇಕು? ಮಗಳ ಕೋಣೆಗೆ ಹೋದಳು. ಸುಶೀಲವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅವ್ವನ ಮಾತು ಕೇಳಿ ಆಕೆಗೆ ನಗು ತಡೆಯಲಾಗಲಿಲ್ಲ.

"ಮಾವಾರು ನಿನ್ನ ಮುಂದ ಯಾವಾಗಲೂ ಹಂಗ ಬೇಕಂತನ ತೇಗತಾರ ಬೇ. ಊರಿಂದ ಹೊಂಡುವಾಗನ ನಮ್ಮತ್ತಿ ಹೇಳಿ ಕಳಸ್ತಾರ, ಬೀಗತ್ಯಾರು ಪುಡಿ ಕೊಟ್ರ ಜೋರಾಗಿ ತೇಗ್ರಿ, ಇಲ್ಲಂದ್ರ ಆ ಹೆಣ್ಮಗಳು ನೊಂದ್ಕೋತಾಳ ಅಂತ."

"ನೀ ನನಗ ಇಷ್ಟ ದಿನ ಯಾಕ ಹೇಳಲಿಲ್ಲ?"

"ಅದರಾಗ ಹೇಳೂದೇನೈತಿ ಬೇ? ಎಲ್ಲಾರೂ ಹಂಗ ಮಾಡ್ತಾರ."

"ಎಲ್ಲಾರೂ ಅಂದ್ರ?"

ಸುಶೀಲವ್ವನ ನಗು ಅರ್ಧಕ್ಕೇ ನಿಂತಿತು. ಅವ್ವನ ಮುಖದಲ್ಲಿ ರಕ್ತ ಇರಲಿಲ್ಲ. ಮಗಳು ಕೂಸಿನ ಕಡೆ ತಿರುಗಿಕೊಂಡಳು. ಅಷ್ಟೇ ಸಾಕಾಯಿತು. ಬೀಗರ ನೋವು ಹೊಟ್ಟೆಯದು ಎಂದು ಹೇಳಲು ಇದ್ದದ್ದು ಒಂದೇ ಆಧಾರ, ಆ ತೇಗು. ಅದೇ ಸುಳ್ಳಾದರೆ, ನಡೆಯಗೊಡಬಾರದಿದ್ದ ಮನುಷ್ಯನನ್ನು ತಾನೇ ಬಾಗಿಲವರೆಗೆ ಬಂದು ಟಾಂಗಾ ಹತ್ತಿಸಿ ಕಳಿಸಿದ ಹಾಗಾಯಿತು. ರೇವವ್ವ ಎದೆಯ ಪುಡಿಯ ಸಣ್ಣ ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಬಿದ್ದಳು.

ಈರಬಸಪ್ಪ ಅವತ್ತು ಮೊದಲ ಸಲ ಕಂಬ ಬಿಟ್ಟು ಎದ್ದ. "ಬೀಗರ ಬೆನ್ನ ಹತ್ತಿ ಹೆಣ್ಮಗಳು ಸ್ಟೇಶನ್ನಿಗೆ ಓಡಿದ್ಲು ಅಂದ್ರ ಊರಾಗ ಏನಂತಾರ? ತೇಗು ಸುಳ್ಳು ಅಂತ ನೀನ ಸಾರಿಕೋತ ಹೊಂಟ್ರ ನಾಳಿ ಈ ಕಟ್ಟಿ ಯಾರ ಹತ್ತತಾರ?"

"ಹತ್ತದಿದ್ರ ಬಿಡವಲ್ರ್ಯಾಕ," ಎಂದಳು. ಕಾಲಲ್ಲಿ ಚಪ್ಪಲಿ ಇಲ್ಲದ್ದು ಅವಳಿಗೆ ಗೊತ್ತಾದದ್ದು ಓಣಿ ದಾಟಿದ ಮೇಲೆ.

ಕಾಳುಪೇಟೆಯ ತಿರುವಿನಲ್ಲಿ ಬಾಷಾಸಾಬನ ಖಾಲಿ ಟಾಂಗಾ ಎದುರಾಯಿತು. ಆಕೆ ಕೇಳುವ ಮೊದಲೇ ಹತ್ತಿ ಕೂತಳು. ಅವನು ಕುದುರೆ ತಿರುಗಿಸುತ್ತ ಹೇಳಿದ, "ಬೀಗರನ್ನ ಈಗ ಬಿಟ್ಟು ಬಂದೆ ರೀ ಅವ್ವಾರ. ಒಳ್ಳೆ ಮನುಷ್ಯಾರು. ಆದ್ರ ಟಾಂಗಾ ಇಳಿದ ಮ್ಯಾಲೆ ಗಾಲಿ ಹಿಡಕೊಂಡು ಒಂದಷ್ಟು ಹೊತ್ತು ನಿಂತ್ರು ನೋಡ್ರಿ. ಏನ್ರಿ ಅಂದ್ರ, ನಿಮ್ಮ ಕುದರಿ ಚೊಲೋ ಐತಿ, ನೋಡಾಕತ್ತೀನಿ ಅಂದ್ರು."

"ಜಲ್ದಿ ಹೊಡಿ ಬಾಷಾ."

ಟಾಂಗಾ ಓಡುತ್ತಿತ್ತು. ಅವಳ ತಲೆಯಲ್ಲಿ ಮಾತ್ರ ಗೂಳಪ್ಪ ಬಂದು ನಿಂತಿದ್ದ. ಗೂಳಪ್ಪ ಕಾಳುಪೇಟೆಯ ಹಮಾಲ. ಹೋದ ಯುಗಾದಿಯ ಹೊತ್ತಿಗೆ ಎದೆ ಹಿಡಿದುಕೊಂಡು ಕಟ್ಟೆಗೆ ಬಂದಿದ್ದ. ಪುಡಿ ತಿಂದ, ತೇಗಿದ, ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹೊತ್ತು ಮುಳುಗುವ ಮೊದಲೇ ಸತ್ತ. ಆಯುಷ್ಯ ಅಷ್ಟೇ ಇತ್ತು ಎಂದರು ಎಲ್ಲ. ರೇವವ್ವನೂ ಹಾಗೇ ಅಂದುಕೊಂಡಿದ್ದಳು, ತೇಗು ಬಂದ ಮೇಲೆ ಹೊಟ್ಟೆಯ ನೋವಿನಿಂದ ಯಾರು ಸಾಯುತ್ತಾರೆ, ಇದು ಬೇರೆ ಏನೋ ಇರಬೇಕು. ಮೂಟೆ ಹೊರುವ ಬಡವ ಅವನು. ಅಂಥವನು ಈ ಮನೆಯ ಕಟ್ಟೆಯ ಮೇಲೆ ಕೂತು, ನಿಮ್ಮ ಪುಡಿ ನನಗೆ ಹತ್ತಲಿಲ್ಲ ಎಂದು ಅವಳ ಮುಖಕ್ಕೆ ಹೇಳುತ್ತಿದ್ದನೇ? ಆವತ್ತು ಅವನ ತೇಗಿಗೆ ವಾಸನೆ ಇತ್ತೋ ಇಲ್ಲವೋ ಎಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಆಕೆ ಗಮನಿಸಿಯೇ ಇರಲಿಲ್ಲ.

ಸ್ಟೇಶನ್ನಿನ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಶಂಭುಲಿಂಗಪ್ಪನವರು ಕೂತಿದ್ದರು. ಬಾಜೂಕೆ ಪರಿಚಯದ ಅಡತಿ ವ್ಯಾಪಾರಿ ಅಮೋಘಸಿದ್ದಪ್ಪ, ಆಚೆ ಈಚೆ ಹತ್ತಾರು ಜನ. ಬರಿಗಾಲಲ್ಲಿ ಏದುಸಿರು ಬಿಡುತ್ತ ಬಂದ ಬೀಗತಿಯನ್ನು ಕಂಡು ಅವರು ಗಡಬಡಿಸಿ ಎದ್ದು ನಿಂತರು. ಆ ಏಳುವುದರಲ್ಲೇ ಅವರ ಮುಖ ಬಿಳಿಚಿತು.

"ಹುಬ್ಬಳ್ಳ್ಯಾಗ ಇಳಿದು ಮದ್ಲ ದವಾಖಾನಿಗೆ ಹೋಗೂಣು ಬೀಗರ," ಎಂದಳು ರೇವವ್ವ.

"ಯಾಕ್ರಿ? ತೇಗು ಬಂತಲ್ರಿ."

"ಬರಲಿಲ್ರಿ. ನೀವು ತಂದ್ರಿ."

ಶಂಭುಲಿಂಗಪ್ಪನವರು ಸುತ್ತ ನೋಡಿದರು. ಹತ್ತು ಜನರ ಮುಂದೆ ಸಂಕಟಕ್ಕೆ ಸಿಕ್ಕಿಕೊಂಡ ಮನುಷ್ಯ ಏನು ಮಾಡಬೇಕು? ಹೌದು ಎಂದರೆ ಬೀಗತಿಯ ಪುಡಿಗೆ ಅವಮಾನ, ತಮ್ಮ ಮಾತಿಗೂ ಅವಮಾನ. ಅವರು ಗಂಟಲು ಬಿಗಿದು ಇನ್ನೊಂದು ತೇಗು ತೇಗಿಬಿಟ್ಟರು.

"ನೋಡ್ರಿ, ಮತ್ತ ಬಂತು," ಎಂದರು. ಹೇಳುವಾಗ ತುಟಿಯ ಮೇಲೆ ಬೆವರಿನ ಹನಿಗಳಿದ್ದವು.

ಅಮೋಘಸಿದ್ದಪ್ಪ ದೊಡ್ಡ ಮನುಷ್ಯನಂತೆ ನಡುವೆ ಬಾಯಿ ಹಾಕಿದ. "ರೇವವ್ವಾರ, ತೇಗು ಬಂದ ಮ್ಯಾಲೆ ಅಂಜೂ ಕಾರಣ ಇಲ್ಲ ಅಂತ ನೀವ ಹೇಳೂದಲ್ರಿ? ಹೋದ ತಿಂಗಳ ನನಗೂ ಹಂಗ ಹೇಳಿ ಕಳಿಸಿದ್ರಿ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಇವರೆಲ್ಲ ನಂಬಿದ್ದು ಒಂದೇ ಮಾತು, ಅದೂ ಅವಳ ಬಾಯಿಂದ ಬಂದದ್ದು. ಆ ಮಾತೇ ಈಗ ಬೀಗರ ಮುಂದೆ ಗೋಡೆಯಂತೆ ಅಡ್ಡ ನಿಂತಿತ್ತು.

"ನಾ ಹೇಳಿದ್ದು ಸುಳ್ಳು," ಎಂದಳು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ತೇಗಿನಿಂದ ಏನೂ ತಿಳಿಯಂಗಿಲ್ಲ. ನಿನಗ ಹೇಳಿದ್ದೂ ಸುಳ್ಳ ಅಮೋಘಸಿದ್ದಪ್ಪಾ. ನೀನೂ ಹೋಗಿ ತೋರಿಸ್ಕೊಂಡ ಬಾ."

ಅಮೋಘಸಿದ್ದಪ್ಪನ ಕೈ ತಾನಾಗಿಯೇ ಅವನ ಎದೆಯ ಮೇಲೆ ಹೋಗಿತ್ತು. ಅಷ್ಟರಲ್ಲಿ ಪ್ಯಾಸೆಂಜರ್ ಹೊಗೆ ಉಗುಳುತ್ತ ಬಂದು ನಿಂತಿತು. ಶಂಭುಲಿಂಗಪ್ಪನವರು ತಪ್ಪಿಸಿಕೊಳ್ಳಲು ಇದೇ ಹೊತ್ತೆಂದು ಬೋಗಿಯ ಕಡೆ ಹೆಜ್ಜೆ ಹಾಕಿದರು. ರೇವವ್ವ ಬೆಂಚಿನ ಮೇಲಿದ್ದ ಅವರ ಕೈಚೀಲ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆಯೇ ಹತ್ತಿದಳು. ಟಿಕೀಟು ಇರಲಿಲ್ಲ.

ಗಾಡಿ ಹೊರಟಿತು. ಬೀಗರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಎದುರಿನ ಸೀಟಿನ ಅಂಚಿನಲ್ಲಿ ರೇವವ್ವ, ಮುಳ್ಳಿನ ಮೇಲೆ ಕೂತ ಹಾಗೆ. ಗಂಡಸಿನ ಎದುರು ಹೀಗೆ, ಅದೂ ಬೀಗರ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಸಮೀಪ ಅವಳು ಎಂದೂ ಕೂತವಳಲ್ಲ. ನಾಚಿಕೆ ಆಗಬೇಕಿತ್ತು. ಬಂದದ್ದು ಸಿಟ್ಟು. ಗಾಡಿ ಹೊಲಗಳ ನಡುವೆ ಎತ್ತಿನ ಬಂಡಿಯ ಹಾಗೆ ತೆವಳುತ್ತಿತ್ತು. ಆಕೆ ಎದ್ದು ಬಾಗಿಲಿಗೆ ಹೋಗಿ ಮುಂದೆ ಇಣುಕಿ ನೋಡಿ ಬಂದಳು, ಮತ್ತೆ ಹೋದಳು. ತಾನು ನೋಡಿದರೆ ಇಂಜಿನ್ನು ಬೇಗ ಓಡುತ್ತದೆ ಎನ್ನುವವಳ ಹಾಗೆ.

ಹೆಬಸೂರು ದಾಟಿದ ಮೇಲೆ ಸಣ್ಣ ಡಬ್ಬಿ ಬಿಚ್ಚಿ, ಎದೆಯ ಪುಡಿ ಒಂದು ಚಿಟಿಕೆ ಅವರ ಅಂಗೈಗೆ ಹಾಕಿದಳು. ಯಾಲಕ್ಕಿ, ಲವಂಗದ ಘಮ ಇಡೀ ಬೋಗಿಗೆ ಹರಡಿತು. ಬೀಗರು ಅದನ್ನು ನಾಲಗೆಗೆ ಹಚ್ಚಿಕೊಂಡರು. ಕೂಡಲೇ, ರೂಢಿಯ ಮೇಲೆ, ತೇಗಲು ಗಂಟಲು ಸರಿಮಾಡಿಕೊಂಡರು.

"ತೇಗಬ್ಯಾಡ್ರಿ," ಎಂದಳು ರೇವವ್ವ. "ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಮ್ಮೆ ನನ್ನ ಮುಂದ ತೇಗಬ್ಯಾಡ್ರಿ. ಹೋದ ಯುಗಾದಿಗೆ ಗೂಳಪ್ಪ ಅಂತ ಒಬ್ಬಾಂವ ಹಿಂಗ ತೇಗಿ ಮನಿಗೆ ಹೋದ. ಹೊತ್ತ ಮುಣಗೂದ್ರಾಗ ಇಲ್ಲ. ಅಂವಾ ಖರೇ ತೇಗಿದ್ನೋ ನನ್ನ ಸಮಾಧಾನಕ್ಕ ತೇಗಿದ್ನೋ, ನಾ ಯಾರನ್ನ ಕೇಳ್ಲಿ? ಅಂವನ ಹೇಣ್ತಿಗೆ ಏನ್ ಹೇಳ್ಲಿ? ಬೀಗಸ್ತನ ಊರಾಗ ಮಾಡೂಣು. ಎಲ್ಲಿ ನೋಯತೈತಿ, ಅದನ್ನ ಹೇಳ್ರಿ."

ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಶಂಭುಲಿಂಗಪ್ಪನವರು ಕಿಟಕಿಯಿಂದ ಮುಖ ತಿರುಗಿಸಿ, ಬಂದ ಮೇಲೆ ಮೊದಲ ಸಲ ಅವಳನ್ನು ನೇರ ನೋಡಿದರು.

"ಎದಿ ನಡಕ ರೀ. ಯಾರೋ ಕುಂತಂಗ ಆಗೇತಿ. ಎಡಗೈ ಎತ್ತಾಕ ಬರವಲ್ದು."

"ಊಟಾದ ಮ್ಯಾಲೋ?"

"ಇಲ್ರಿ. ಮುಂಜಾನಿ ಕುಂದಗೋಳ ಬಿಡೂವಾಗಿಂದ."

"ಮುಂಜಾನಿಂದ ಎದಿ ನೋವು ಇಟಗೊಂಡು ಅಷ್ಟ ಹೋಳಿಗಿ ಯಾಕ ತಿಂದ್ರಿ?"

"ಮಾಡಿದ್ರೆಲ್ರಿ," ಎಂದರು ಬೀಗರು.

ರೇವವ್ವನಿಗೆ ಅವರನ್ನು ಬೈಯಬೇಕೋ, ತನ್ನ ಹಣೆ ತಾನೇ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬೇಡ ಬೇಡ ಎಂದು ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದದ್ದು ಅವತ್ತು ನಿಜವಾದ ಬೇಡವೇ ಆಗಿತ್ತು. ಅದನ್ನು ರಿವಾಜಿನ ಬೇಡ ಎಂದು ತಿಳಿದು ಕೈ ಸರಿಸಿ ಬಡಿಸಿದವಳು ಅವಳೇ.

ಹುಬ್ಬಳ್ಳಿಯಲ್ಲಿ ಇಳಿದಾಗ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಕುಂದಗೋಳದ ಗಾಡಿ ನಿಂತಿತ್ತು. ಬೀಗರ ಕಣ್ಣು ಒಂದು ಸಲ ಆ ಕಡೆ ಹೋಯಿತು. ಮನೆ ಮುಟ್ಟಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನೋವಿನಲ್ಲಿರುವ ಯಾವ ಮನುಷ್ಯನಿಗೂ ಅನ್ನಿಸುತ್ತದೆ. ರೇವವ್ವ ಅವರ ರಟ್ಟೆ ಹಿಡಿದಳು. ನಾಲ್ಕು ಜನ ನೋಡುತ್ತಿದ್ದಂತೆಯೇ ಹಿಡಿದಳು. ನಡೆಯಗೊಡಬಾರದು ಎಂಬುದು ಅತ್ತೆಯ ಕಟ್ಟಳೆಯಲ್ಲಿ ಈಗ ಅವಳ ಪಾಲಿಗೆ ಉಳಿದಿದ್ದ ನಿಜವಾದ ಭಾಗ. ಹಮಾಲನೊಬ್ಬ ಸಾಮಾನಿನ ಕೈಗಾಡಿ ನೂಕುತ್ತ ಹೋಗುತ್ತಿದ್ದ. ಅವನನ್ನು ತಡೆದು, ಅದರ ಮೇಲಿನ ಗಂಟುಗಳನ್ನು ತಾನೇ ಕೆಳಗಿಳಿಸಿ, ಬೀಗರನ್ನು ಕೂಡಿಸಿದಳು. ಕುಂದಗೋಳದ ಗೌರವಸ್ಥರು ಪಟಗ ಸಮೇತ ಸಾಮಾನಿನ ಗಾಡಿಯ ಮೇಲೆ ಕೂತು ಸ್ಟೇಶನ್ನಿನ ಹೊರಗೆ ಬಂದರು. ಟಿಕೀಟು ಕೇಳಲು ಕೈ ಚಾಚಿದವನು ಅವರ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡ.

ಆಟೋ ಹಿಡಿದು ದವಾಖಾನೆ ಮುಟ್ಟಿದರು. ಎದೆಗೆ ವಾಯರು ಹಚ್ಚಿ, ಕಾಗದದ ಪಟ್ಟಿಯ ಮೇಲೆ ಗೆರೆ ಮೂಡಿಸುವ ಯಂತ್ರ ಓಡಿಸಿದರು. ಡಾಕ್ಟರು ಆ ಪಟ್ಟಿ ನೋಡಿ ಬೀಗರನ್ನು ಅಲ್ಲಿಂದ ಅಲ್ಲಾಡಗೊಡಲಿಲ್ಲ. ಹೃದಯಕ್ಕೇ ಪೆಟ್ಟು ಬಿದ್ದಿದೆ, ಊರಿಗೆ ಹೋಗಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ಏನೇನು ಮಾಡಿದರೋ ರೇವವ್ವನಿಗೆ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ಆಕೆ ಹೊರಗೆ ವರಾಂಡದಲ್ಲಿ ಬೀಗರ ಕೈಚೀಲ ಎದೆಗೆ ಅವಚಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಕೂಡ್ರಿ ಅಜ್ಜಿ ಎಂದು ನರ್ಸಮ್ಮ ಹೇಳಿ ಹೇಳಿ ಸೋತಳು.

ಸುದ್ದಿ ತಿಳಿದು ಕುಂದಗೋಳದಿಂದ ಶಂಭುಲಿಂಗಪ್ಪನವರ ಹೆಂಡತಿ ಮಲ್ಲಕ್ಕ ಬಂದರು. ಬಂದವರೇ ರೇವವ್ವನ ಕೈ ಹಿಡಿದು ಗಳಗಳ ಅತ್ತರು. "ನಾನ ಕಲಿಸಿದ್ದೆ ರೀ, ತೇಗ್ರಿ ಅಂತ. ನನ್ನ ಬಾಯಿಗೆ ಬೆಂಕಿ ಹಾಕ." ರೇವವ್ವ ತನ್ನ ಸೆರಗಿನಿಂದ ಅವರ ಕಣ್ಣೊರೆಸಿದಳು. ಆ ಹೆಣ್ಣುಮಗಳು ಮಾಡಿದ್ದು ಮರ್ಯಾದೆಯನ್ನೇ.

ಅಣ್ಣಿಗೇರಿಯಲ್ಲಿ ಈರಬಸಪ್ಪ ಹೇಳಿದಂತೆಯೇ ಆಯಿತು. ಅವಳು ಊರಿಗೆ ಬಂದ ಮೇಲೆ ಕಟ್ಟೆ ಹತ್ತಿದವರು ಕಡಿಮೆ. ಬಂದವರಿಗೂ ಪುಡಿ ಕೊಡುವ ಮೊದಲು, ಎಲ್ಲಿ ನೋವು, ಯಾವಾಗಿನಿಂದ, ಕೈಗೆ ಇಳಿಯುತ್ತದೋ ಎಂದು ಪೊಲೀಸರ ಹಾಗೆ ಕೇಳಿ ಕೇಳಿ ಬೇಸರ ಹಿಡಿಸುತ್ತಿದ್ದಳು. ಎದೆ ಎಂಬ ಮಾತು ಬಂದರೆ ಡಬ್ಬಿ ಮುಚ್ಚಿ ಹುಬ್ಬಳ್ಳಿಯ ಹಾದಿ ತೋರಿಸುತ್ತಿದ್ದಳು. ಜನಕ್ಕೆ ಮೊದಲಿನ ರೇವವ್ವನೇ ಚೆನ್ನಾಗಿದ್ದಳು ಅನ್ನಿಸಿರಬೇಕು. ಗೂಳಪ್ಪನ ಹೆಂಡತಿ ದಾರಿಯಲ್ಲಿ ಕಂಡರೆ ಮಾತ್ರ ರೇವವ್ವ ಓಣಿ ಬದಲಿಸುತ್ತಿದ್ದಳು.

ಬೀಗರನ್ನು ಮನೆಗೆ ಬಿಡುವ ಮೊದಲು ನೋಡಿಬರಲು ಆಕೆ ಮತ್ತೆ ಹುಬ್ಬಳ್ಳಿಗೆ ಹೋದಳು. ಶಂಭುಲಿಂಗಪ್ಪನವರು ದಿಂಬಿಗೆ ಒರಗಿ ಕೂತಿದ್ದರು. ಮುಖ ಇಳಿದಿತ್ತು, ಕಣ್ಣಲ್ಲಿ ಜೀವ ಇತ್ತು. ಮಲ್ಲಕ್ಕ ಬಾಜೂಕೆ ಗಂಜಿ ಆರಿಸುತ್ತಿದ್ದರು.

"ಬೀಗಸ್ತನ ಊರಾಗ ಮಾಡೂಣು ಅಂದ್ರೆಲ್ರಿ, ಇದು ಇನ್ನೂ ಹುಬ್ಬಳ್ಳಿ," ಎಂದರು ಅವರು. "ಅದಕ್ಕ ಒಂದು ಖರೇ ಮಾತು ಹೇಳ್ತೀನಿ. ಆವತ್ತಿನ ಹೋಳಿಗ್ಯಾಗ ಬೆಲ್ಲ ಭಾಳ ಆಗಿತ್ತು."

"ಏನ್ರಿ ಇದು, ಬೀಗತ್ಯಾರ ಮುಂದ," ಎಂದು ಮಲ್ಲಕ್ಕ ಚಮಚ ಕೆಳಗಿಟ್ಟರು.

ರೇವವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮದುವೆಯಾಗಿ ಬಂದಾಗಿನಿಂದ ಅವಳ ಅಡುಗೆಗೆ ಹೀಗೆ ಮುಖದ ಮೇಲೆ ಹೆಸರಿಟ್ಟವರು ಅತ್ತೆಯನ್ನು ಬಿಟ್ಟರೆ ಇವರೊಬ್ಬರೇ. ಮನಸ್ಸು ತುಂಬಿ ಬಂತು. ಇವರ ಹತ್ತಿರ ಏನು ಕೇಳಿದರೂ ಇನ್ನು ಸುಳ್ಳು ಬರುವುದಿಲ್ಲ ಅನ್ನಿಸಿತು. ನಗು ನಿಂತ ಮೇಲೆ, ಹಗಲೂ ರಾತ್ರಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟಳು.

"ಬೀಗರ, ಆ ಗೂಳಪ್ಪನೂ ನಿಮ್ಮಂಗ ಸುಳ್ಳ ತೇಗಿರಬೇಕೇನ್ರಿ?"

ಮಲ್ಲಕ್ಕ ಗಂಡನ ಕಡೆ ಕಣ್ಣು ಸನ್ನೆ ಮಾಡಿದರು, ಇಲ್ಲ ಅನ್ನಿ ಎಂದು. ಶಂಭುಲಿಂಗಪ್ಪನವರು ಅದನ್ನು ನೋಡಿದರು. ಇಲ್ಲ ಎಂಬ ಮಾತು ಅವರ ಗಂಟಲಿನವರೆಗೂ ಬಂತು. ಬೀಗತಿಯ ಮುಖವನ್ನು ನೋಡಿ ಅದನ್ನು ನುಂಗಿಕೊಂಡರು.

"ತೇಗಿರಬೇಕ್ರಿ," ಎಂದರು ಮೆಲ್ಲಗೆ.

ರೇವವ್ವ ತಲೆಯಾಡಿಸಿದಳು. "ಹೇಳಿದ್ದು ಚೊಲೋ ಆತ್ರಿ," ಎಂದಳು. ಮಲ್ಲಕ್ಕನ ಕೈಯಿಂದ ಗಂಜಿಯ ಬಟ್ಟಲು ಇಸಿದುಕೊಂಡು ಬೀಗರ ಮುಂದೆ ಇಟ್ಟಳು. ಆಮೇಲೆ, ಸಂಜೆಯ ಗಾಡಿ ತಪ್ಪಿದರೆ ಕಷ್ಟ, ಅಣ್ಣಿಗೇರಿಯಲ್ಲಿ ಗೂಳಪ್ಪನ ಹೆಂಡತಿಯ ಮನೆಗೆ ಹೋಗುವುದಿದೆ ಎಂದು ಹೇಳಿ ಎದ್ದಳು.